ನಾಲ್ಕು ಕಾಳಿನ ಗಂಟು

"ಇಪ್ಪತ್ತೊಂಬತ್ತು ದಿನ," ಎಂದಳು ಕರಿಯಕ್ಕ, ಸೊಸೆ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಜಗಲಿ ಇಳಿಯುತ್ತಿದ್ದಂತೆ. "ಓದ್ ತಿಂಗ್ಳೂ ಅಷ್ಟೆ, ಅದ್ರಾಚೆ ತಿಂಗ್ಳೂ ಅಷ್ಟೆ. ಗಡಿಯಾರ ಆಗೋದ್ಲು ನನ್ನ ಸೊಸೆ."

ಕೆಂಪಕ್ಕ ಹೆಜ್ಜೆ ನಿಲ್ಲಿಸದೆ ನಡೆದಳು. ಒಂದು ಕೈಯಲ್ಲಿ ಉಣ್ಣುವ ತಣಿಗೆ, ಇನ್ನೊಂದರಲ್ಲಿ ಚೊಂಬು, ಕಂಕುಳಲ್ಲಿ ಹಳೆಯ ಸೀರೆಯ ತುಂಡುಗಳು. ಎದುರಿಗೆ ಬಂದ ಹೆಂಗಸೊಬ್ಬಳು ಸರಕ್ಕನೆ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಹಟ್ಟಿಯ ಸುತ್ತ ಜಾಲಿಮುಳ್ಳಿನ ಬೇಲಿ, ಬೇಲಿಗೆ ಒಂದೇ ಬಾಯಿ. ಅದನ್ನು ದಾಟಿ ಐವತ್ತು ಮಾರು ನಡೆದರೆ ಹೊಂಗೆಮರದ ಬುಡದಲ್ಲಿ ಹುಲ್ಲು ಹೊದಿಸಿದ ಗುಡಿಸಲು, ನಿಂತರೆ ತಲೆ ಸೂರಿಗೆ ತಗಲುವಷ್ಟು ಎತ್ತರದ್ದು. ಹಟ್ಟಿಯೊಳಗೆ ದೇವರಿದೆ; ಮುಟ್ಟಾದ ಹೆಂಗಸು ಅದರ ಎಲ್ಲೆಯೊಳಗೆ ಇರುವಂತಿಲ್ಲ. ತಿಂಗಳಿಗೆ ಮೂರು ದಿನ ಅವಳು ಆ ಗುಡಿಸಲಿನಲ್ಲಿದ್ದು, ನಾಲ್ಕನೆಯ ದಿನ ನೀರು ಹಾಕಿಕೊಂಡು ಒಳಗೆ ಬರಬೇಕು. ಮಳೆಯಾದರೂ ಅಷ್ಟೆ, ಜ್ವರವಾದರೂ ಅಷ್ಟೆ. ದೇವರು ಎಷ್ಟೋ ತಲೆಮಾರಿನಿಂದ ಈ ವಿಷಯದಲ್ಲಿ ಯಾರಿಗೂ ರಜೆ ಕೊಟ್ಟದ್ದಿಲ್ಲ.

ಇದರಿಂದ ಆಗುವ ಇನ್ನೊಂದು ಅನುಕೂಲವೆಂದರೆ, ಆ ಹಟ್ಟಿಯಲ್ಲಿ ಯಾವ ಹೆಂಗಸಿಗೂ ಗುಟ್ಟಿನ ಬಸಿರು ಇಲ್ಲ. ಯಾರು ಯಾವಾಗ ಗುಡಿಸಲಿಗೆ ಹೋದರು, ಯಾರು ಹೋಗಲಿಲ್ಲ ಎಂಬುದು ನಲವತ್ತು ಮನೆಗೂ ಗೊತ್ತು. ಒಬ್ಬಳು ನಾಲ್ಕು ದಿನ ತಡ ಮಾಡಿದರೆ ಬಾವಿಕಟ್ಟೆಯ ಮೇಲೆ ಆಗಲೇ ಮಗುವಿನ ಹೆಸರಿನ ಮಾತು ಶುರುವಾಗಿರುತ್ತದೆ.

ಕೆಂಪಕ್ಕ ಗುಡಿಸಲಿನೊಳಗೆ ಬಗ್ಗಿ ಹೋಗಿ ಕಂಬಳಿ ಹಾಸಿದಳು. ಅವಳು ಮುಟ್ಟಾಗಿರಲಿಲ್ಲ. ಹೋದ ತಿಂಗಳೂ ಆಗಿರಲಿಲ್ಲ, ಅದರಾಚೆಯ ತಿಂಗಳೂ ಆಗಿರಲಿಲ್ಲ. ಅವಳು ಮೂರು ತಿಂಗಳ ಬಸುರಿ.

ಇದು ನಾಲ್ಕನೆಯದು. ಮೊದಲಿನ ಮೂರೂ ಎರಡನೆಯ ತಿಂಗಳು ತುಂಬಿ ಮೂರನೆಯದಕ್ಕೆ ಕಾಲಿಡುವಾಗಲೇ ಹೋಗಿದ್ದವು. ಮೂರು ಸಲವೂ ಹಟ್ಟಿಗೆಲ್ಲ ಮೊದಲ ವಾರದಲ್ಲೇ ಸುದ್ದಿಯಾಗಿತ್ತು, ಮೂರು ಸಲವೂ ಹುಣಿಸೇಹಣ್ಣು ತಂದುಕೊಟ್ಟವರೇ ಆಮೇಲೆ ಬಂದು ಕೆನ್ನೆಗೆ ಕೈ ಹಚ್ಚಿ ಕೂತಿದ್ದರು. ಮೂರನೆಯದಾದ ಮೇಲೆ ಕರಿಯಕ್ಕ ಅಳಲಿಲ್ಲ. ಬಾಗಿಲಲ್ಲಿ ಕೂತು ರಾಗಿ ಕೇರುತ್ತಾ, "ಇನ್ನೊಂದು ಬಿದ್ರೆ ನಮ್ಮ ಕ್ಯಾತಂಗೆ ಬ್ಯಾರೆ ದಾರಿ ನೋಡ್ಬೇಕಾಯ್ತದೆ," ಎಂದಿದ್ದಳು. ಗಂಡ ಕ್ಯಾತಣ್ಣ ಆಗ ಅಲ್ಲೇ ಕುರಿಯ ಕಾಲಿನ ಮುಳ್ಳು ಕೀಳುತ್ತಿದ್ದ. ಒಳ್ಳೆಯವನು, ಹೆಂಡತಿಯ ಮೇಲೆ ಒಂದು ದಿನ ಕೈ ಎತ್ತಿದವನಲ್ಲ. ಅವನು ಆ ಹೊತ್ತು ತಲೆ ಎತ್ತಲೂ ಇಲ್ಲ. ಅದನ್ನು ಕೆಂಪಕ್ಕ ಮರೆತಿರಲಿಲ್ಲ.

ಹಾಗಾಗಿ ನಾಲ್ಕನೆಯ ಸಲ ದಿನ ತಪ್ಪಿದಾಗ ಅವಳು ಯಾರಿಗೂ ಹೇಳದೆ ಕಂಬಳಿ ಹೆಗಲಿಗೇರಿಸಿ ಹೊರಗೆ ನಡೆದುಬಿಟ್ಟಳು. ಮೂರು ದಿನ ಕೂತು, ಚೊಕ್ಕ ಬಟ್ಟೆಯನ್ನೇ ಒಗೆದು ಬೇಲಿಯ ಮೇಲೆ ಹರವಿ, ನಾಲ್ಕನೆಯ ದಿನ ನೀರು ಹಾಕಿಕೊಂಡು ಒಳಗೆ ಬಂದಳು. ಯಾರಿಗೂ ಸಂಶಯ ಬರಲಿಲ್ಲ. ಮುಟ್ಟಾಗಿ ಅದನ್ನು ಮುಚ್ಚಿಟ್ಟುಕೊಂಡು ಒಳಗೆ ಓಡಾಡಿದವರ ಕಥೆ ಹಟ್ಟಿಯಲ್ಲಿ ಬೇಕಾದಷ್ಟಿತ್ತು, ಅವರಿಗೆಲ್ಲ ದೇವರು ಏನೇನು ಮಾಡಿತು ಎಂಬುದೂ ಇತ್ತು. ಮುಟ್ಟಾಗದೆ ಹೊರಗೆ ಕೂತವಳ ಕಥೆ ಒಂದೂ ಇರಲಿಲ್ಲ.

ಗೊತ್ತಿದ್ದವಳು ಒಬ್ಬಳೇ, ನರ್ಸಮ್ಮ ಮಹಾಲಕ್ಷ್ಮಮ್ಮ. ಪುರವರದ ಆಸ್ಪತ್ರೆಯಿಂದ ಗುರುವಾರಕ್ಕೊಮ್ಮೆ ನಡೆದು ಬರುತ್ತಿದ್ದಳು. ಹಟ್ಟಿಯೊಳಗೆ ಬಾ ಎಂದು ಯಾರೂ ಅವಳನ್ನು ಕರೆದಿರಲಿಲ್ಲ. ಅವಳು ಯಾವ ಕೇರಿಯವಳೆಂದು ವಿಚಾರಿಸಿಕೊಂಡಿದ್ದ ಹಿರಿಯರು ಬೇಲಿಯ ಬಾಯಲ್ಲೇ ನಿಂತು ಬಹಳ ಮರ್ಯಾದೆಯಿಂದ ಮಾತಾಡಿಸಿ ಕಳಿಸುತ್ತಿದ್ದರು. ಅವಳಿಗೂ ಅದು ರೂಢಿಯಾಗಿತ್ತು. ಹೊರಗೆ ಕೂತವರ ಗುಡಿಸಲಿಗೆ ಬರಬೇಡ ಎನ್ನುವವರಿರಲಿಲ್ಲವಲ್ಲ, ಅವಳು ನೇರ ಅಲ್ಲಿಗೇ ಬಂದು ಚೀಲ ಇಳಿಸುತ್ತಿದ್ದಳು. ನಾಲ್ಕೈದು ವರ್ಷದ ಹಿಂದೆ, ಎಮರ್ಜೆನ್ಸಿಯಲ್ಲಿ, ಜೀಪುಗಳು ಬಂದು ಗಂಡಸರನ್ನು ಮಕ್ಕಳಾಗದ ಆಪರೇಷನ್ನಿಗೆ ತುಂಬಿಕೊಂಡು ಹೋದ ಮೇಲೆ ಅವಳ ಬಿಳಿ ಸೀರೆ ಕಂಡರೇ ಹೆಂಗಸರು ಎದ್ದು ಹೋಗುವುದಿತ್ತು. ಮಕ್ಕಳು ಸಾಕು ಎಂದು ಹೇಳುವುದಕ್ಕೆ ಸರ್ಕಾರ ಸಂಬಳ ಕೊಟ್ಟು ಕಳಿಸಿದವಳ ಮುಂದೆ, ಒಂದಾದರೂ ಬೇಕು ಎಂದು ಕೂತವಳು ಕೆಂಪಕ್ಕ ಮಾತ್ರ.

ಮೊದಲ ತಿಂಗಳು ಮಹಾಲಕ್ಷ್ಮಮ್ಮ ಚೀಲದಿಂದ ಸುರುಳಿ ಸುತ್ತಿದ್ದ ಪಟವೊಂದನ್ನು ತೆಗೆದು ನೆಲದ ಮೇಲೆ ಹರಡಿ ನಾಲ್ಕು ಮೂಲೆಗೂ ಕಲ್ಲಿಟ್ಟಳು. ಕೆಂಪು ಬಣ್ಣದ ಬಳೆಯೊಳಗೆ ಏನೇನೋ ಆಕಾರಗಳು, ಪಕ್ಕದಲ್ಲಿ ಇಂಗ್ಲಿಷು. ಕೆಂಪಕ್ಕ ಎಷ್ಟು ಹೊತ್ತು ನೋಡಿದರೂ ತಲೆಬುಡ ತಿಳಿಯಲಿಲ್ಲ. ನರ್ಸಮ್ಮ ಅವಳ ಮುಖ ನೋಡಿ ನಕ್ಕು, ತಣಿಗೆಯ ಅಂಚಿಗೆ ಅಂಟಿದ್ದ ಒಂದು ರಾಗಿ ಕಾಳನ್ನು ಉಗುರಲ್ಲಿ ತೆಗೆದು ಅವಳ ಅಂಗೈ ಮೇಲಿಟ್ಟಳು.

"ನೋಡು, ಈಗ ಇಷ್ಟಿದೆ. ಇದಕ್ಕೆ ಕೈಯಿಲ್ಲ, ಕಾಲಿಲ್ಲ, ತಲೆ ಯಾವ್ದು ಬುಡ ಯಾವ್ದು ಅಂತ ಅದಕ್ಕೇ ಗೊತ್ತಿಲ್ಲ. ಕಚ್ಕೊಂಡಿರೋದೊಂದೇ ಅದರ ಕೆಲಸ. ಆರನೇ ವಾರಕ್ಕೆ ಹೆಸರುಕಾಳು. ಆವಾಗ ಎದೆ ಬಡ್ಕೊಳೋಕೆ ಶುರು ಆಗಿರುತ್ತೆ."

"ಎಸ್ರುಕಾಳಿನಷ್ಟಿರೋದಕ್ಕೆ ಎದೆಯಾ?"

"ಎದೆ, ಬೆನ್ನು, ಒಂದು ಪುಟಾಣಿ ಬಾಲಾನೂ ಇರುತ್ತೆ."

ಕೆಂಪಕ್ಕನಿಗೆ ನಗು ತಡೆಯಲಾಗಲಿಲ್ಲ. "ಬಾಲವಾ! ಕುರಿಮರೀಗಿರೋ ಅಂಗಾ?"

"ಹೂಂ ಕಣೆ. ನಿಂಗೂ ಇತ್ತು, ನಂಗೂ ಇತ್ತು, ನಿಮ್ಮತ್ತೆಗೂ ಇತ್ತು. ಎಂಟನೇ ವಾರಕ್ಕೆ ಅವರೆಕಾಳು. ಅಷ್ಟೊತ್ತಿಗೆ ಬಾಲ ಕರಗೋಗುತ್ತೆ, ಕೈತುದೀಲಿ ಬೆರಳು ಒಡೆಯುತ್ತೆ. ಹತ್ತನೇ ವಾರಕ್ಕೆ ಕಡಲೆಕಾಯಿ. ಅಲ್ಲಿಗೆ ಮಾಡೋ ಕೆಲಸ ಎಲ್ಲ ಮುಗೀತು, ಇನ್ನು ಬೆಳೆಯೋದಷ್ಟೆ. ಹನ್ನೆರಡು ದಾಟಿದ್ರೆ ಭಯ ಬಹಳ ಕಮ್ಮಿ."

ಕೆಂಪಕ್ಕ ಆ ರಾಗಿ ಕಾಳನ್ನು ಬಿಸಾಡಲಿಲ್ಲ. ಹಳೆಯ ಸೀರೆಯಿಂದ ಚೂರು ಬಟ್ಟೆ ಹರಿದು, ಅದರಲ್ಲಿ ಕಟ್ಟಿ, ಗುಡಿಸಲಿನ ಸೂರಿನ ಹುಲ್ಲಿಗೆ ಸಿಕ್ಕಿಸಿದಳು. ಎರಡನೆಯ ತಿಂಗಳು ಹೊರಗೆ ಬರುವಾಗ ಒಂದು ಹೆಸರುಕಾಳು, ಒಂದು ಅವರೆಕಾಳು ತಂದು ಸೇರಿಸಿದಳು. ಈಗ ಮೂರನೆಯ ಸಲ, ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕಾಲ. ಎರಡು ಬೀಜದ ಒಂದು ದುಂಡನೆಯ ಕಾಯನ್ನು ಆರಿಸಿಟ್ಟುಕೊಂಡು ತಂದಿದ್ದಳು. ಬುಧವಾರ ಗುಡಿಸಲಿಗೆ ಬಂದವಳೇ ಗಂಟು ಬಿಚ್ಚಿ ಅದನ್ನೂ ಸೇರಿಸಿ ಕಟ್ಟಿದಳು. ಇಷ್ಟು ದೂರ ಅವಳು ಯಾವತ್ತೂ ಬಂದಿರಲಿಲ್ಲ.

ಗುಡಿಸಲಲ್ಲಿ ಎರಡು ದಿನದಿಂದ ಪುಟ್ಟಕ್ಕ ಇದ್ದಳು, ಪಕ್ಕದ ಮನೆಯವಳು, ಮೂರು ಮಕ್ಕಳ ತಾಯಿ. ಸಂಜೆ ಬೇಲಿಯ ಮೇಲಿನ ಬಟ್ಟೆ ತೆಗೆಯುತ್ತಾ, "ನಿಂದ್ಯಾಕೆ ಇಷ್ಟು ಬೇಗ ಒಣಗ್ತದೆ? ನಮ್ದು ನೋಡು, ಇನ್ನೂ ತೊಟ್ಟಿಕ್ತಾ ಐತೆ," ಎಂದಳು. ಕೆಂಪಕ್ಕ ಕೇಳಿಸದವಳಂತೆ ಒಲೆ ಊದಿದಳು.

ಗುರುವಾರ ನರ್ಸಮ್ಮ ಬಂದಳು. ಪುಟ್ಟಕ್ಕ ಎಂದಿನಂತೆ ಸೊಪ್ಪು ತರುವ ನೆಪ ಮಾಡಿಕೊಂಡು ಎದ್ದುಹೋದಳು. ಮಹಾಲಕ್ಷ್ಮಮ್ಮ ಕೆಂಪಕ್ಕನನ್ನು ಕಂಬಳಿಯ ಮೇಲೆ ಮಲಗಿಸಿ ಕಿಬ್ಬೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿ, ಅವಳ ಕೈಯನ್ನೇ ಹಿಡಿದು ಅಲ್ಲಿಟ್ಟಳು. ಚರ್ಮದ ಕೆಳಗೆ ಗಟ್ಟಿಯಾಗಿ, ದುಂಡಗೆ ಏನೋ ಕೈಗೆ ಸಿಕ್ಕಿತು. ಕೆಂಪಕ್ಕನ ಕಣ್ಣಲ್ಲಿ ನೀರು ಬಂತು.

"ಹನ್ನೆರಡು ತುಂಬ್ತು. ಬೆರಳುದ್ದ ಆಗಿರುತ್ತೆ. ಸಾಕು ಇನ್ನು ಈ ನಾಟಕ, ಇವತ್ತೇ ಹೇಳ್ಬಿಡು. ಈ ಚಳಿಗೆ, ಈ ನೆಲದ ಮೇಲೆ ಮಲಗೋದು ಬೇಡ."

"ಇವತ್ತೇಳಿದ್ರೆ ಹೊರಗ್ಯಾಕೆ ಕುಂತಿದ್ದೆ ಅಂತಾರೆ ನರ್ಸಮ್ಮ. ಶನಿವಾರ ನೀರಾಕ್ಕೊಂಡು ಒಳೀಕೋಗ್ತೀನಲ್ಲ, ಆವಾಗ ದ್ಯಾವ್ರಿಗೆ ಕೈ ಮುಗ್ದು ಏಳ್ತೀನಿ. ಎರಡೇ ದಿನ."

"ಒಂದು ತೊಟ್ಟು ಕೆಂಪು ಕಂಡ್ರೂ ಪುರವರಕ್ಕೆ ಬಂದ್ಬಿಡ್ಬೇಕು. ಗಾಡಿ ಕಟ್ಟಿಸ್ಕೊಂಡು, ನಡ್ಕೊಂಡಲ್ಲ."

"ಬತ್ತೀನಿ."

ಶುಕ್ರವಾರ ಬೆಳಿಗ್ಗೆ ಪುಟ್ಟಕ್ಕ ನೀರು ಹಾಕಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಕರಿಯಕ್ಕ ಹಿಟ್ಟಿನ ಮುದ್ದೆ, ಸಾರು ತಂದು, ಹತ್ತು ಹೆಜ್ಜೆ ದೂರದಲ್ಲಿದ್ದ ಚಪ್ಪಡಿ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಸರಿದವಳು ಹೋಗಲಿಲ್ಲ. ಸೆರಗಿನ ತುದಿ ಸುತ್ತುತ್ತಾ ನಿಂತಳು.

"ಕೆಂಪಿ, ನಾನು ಮುಚ್ಚುಮರೆ ಮಾಡೋಳಲ್ಲ. ತೋವಿನಕೆರೆ ತಾವ ನಮ್ಮ ತಮ್ಮನ ಮಗಳು ಐತಲ್ಲ, ಮಾತಾಡ್ಕೊಂಡು ಬಂದಿವ್ನಿ. ಮಾಘ ಮಾಸದಾಗೆ ಮದ್ವೆ ಮಾಡ್ಬುಡಾನ ಅಂತ. ಕ್ಯಾತ ಕುರಿ ಒಡ್ಕೊಂಡು ಬಂದ್ಮ್ಯಾಲೆ ಅವಂಗೂ ಏಳ್ತೀನಿ."

ಕೆಂಪಕ್ಕ ಗುಡಿಸಲಿನಿಂದ ಹೊರಗೆ ಬಂದಳು. "ಯಾಕತ್ತೆ? ನಾನೇನು ಮಾಡ್ದೆ?"

"ನೀನೇನೂ ಮಾಡ್ಲಿಲ್ಲ. ಮದ್ಲು ಬೀಳ್ತಿದ್ವು, ನಿಲ್ದಿದ್ರೂ ಆಗ್ತವಲ್ಲ ಅಂತ ಒಂದು ಆಸೆ ಇತ್ತು. ಈಗ ಆಗೋದೂ ನಿಂತೋಯ್ತು. ತಿಂಗ್ಳು ತಿಂಗ್ಳೂ ತಪ್ಪದಂಗೆ ಇಲ್ಲಿ ಬಂದು ಕುಂತ್ಕೊಂತಿಯ. ನಾನೇ ಎಣಿಸ್ತಾ ಇಲ್ವಾ?" ಕರಿಯಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಿನ್ನೇನೂ ಆಚೆ ಕಳ್ಸಲ್ಲ ಕಣವ್ವ. ನೀನೇ ದೊಡ್ಡೋಳಾಗಿರು. ಅವ್ಳು ನಿಂಗೆ ತಂಗಿ ಇದ್ದಂಗೆ."

ನಾಳೆ ಹೇಳುತ್ತೇನೆ, ನಾಳೆ ಈ ಮಾತೆಲ್ಲ ಬೂದಿಯಾಗುತ್ತದೆ ಎಂದುಕೊಂಡಳು ಕೆಂಪಕ್ಕ. ಆಗಲೇ ಹೇಳಿಬಿಡಬಹುದಿತ್ತು. ಮಾತು ನಾಲಗೆಯ ತುದಿಯವರೆಗೂ ಬಂತು. ಆದರೆ ಇಷ್ಟು ದಿನ ಕಾದವಳಿಗೆ ಒಂದು ದಿನ ಹೆಚ್ಚೇ, ಸ್ನಾನ ಮಾಡಿ ಮಡಿಯುಟ್ಟು ದೇವರ ಮುಂದೆ ನಿಂತು ಹೇಳಿದರೆ ಯಾರೂ ಎದುರಾಡಲಾರರು ಎಂದು ಅದನ್ನು ನುಂಗಿಕೊಂಡಳು. ಬದುಕಿನಲ್ಲಿ ಅವಳು ಮಾಡಿದ ಲೆಕ್ಕಾಚಾರಗಳಲ್ಲಿ ಅದೇ ಕೊನೆಯದು.

ಬಿಸಿಲು ನೆತ್ತಿಗೆ ಬರುವಾಗ ಸೊಂಟದಲ್ಲಿ ಹಳೆಯ ನೋವು ಶುರುವಾಯಿತು. ಅದರ ಗುರುತು ಅವಳಿಗೆ ಚೆನ್ನಾಗಿತ್ತು. ಇಲ್ಲ, ಇದು ಅದಲ್ಲ, ನೆಲದ ಥಂಡಿ ಎಂದು ಮಗ್ಗುಲು ಬದಲಿಸಿದಳು. ಆಮೇಲೆ ಬಟ್ಟೆ ನೋಡಿಕೊಂಡಳು. ಮೂರು ತಿಂಗಳಿಂದ ಚೊಕ್ಕವಾಗಿದ್ದ ಬಟ್ಟೆ ಕೆಂಪಾಗಿತ್ತು.

ಎದ್ದು, ಗುಡಿಸಲಿನ ಬಾಗಿಲು ಹಿಡಿದುಕೊಂಡು ಕೂಗಿದಳು. "ಅತ್ತೆ! ಅತ್ತೇ!" ಮೂರನೆಯ ಕೂಗಿಗೆ ಕರಿಯಕ್ಕ ಬೇಲಿಯ ಬಾಯಲ್ಲಿ ಕಾಣಿಸಿಕೊಂಡಳು.

"ಗಾಡಿ ಕಟ್ಸತ್ತೆ, ಪುರವರಕ್ಕೋಗ್ಬೇಕು. ರಕ್ತ ಓಯ್ತಾ ಐತೆ."

"ಏನಂದೆ?" ಕರಿಯಕ್ಕ ಅರ್ಥವಾಗದೆ ನೋಡಿದಳು. "ಒರಗಾದ ಮ್ಯಾಲೆ ರಕ್ತ ಓಗ್ದೆ ಇನ್ನೇನೋಯ್ತದೆ?"

"ಒರಗಾಗಿಲ್ಲ ನಾನು. ಬಸುರಿ ನಾನು. ಮೂರು ತಿಂಗ್ಳು. ಸುಳ್ಳೇಳಿ ಕುಂತಿದ್ದೆ ಅತ್ತೆ, ನಿಮ್ಮ ದಮ್ಮಯ್ಯ, ಗಾಡಿ ಕಟ್ಸಿ."

ಕರಿಯಕ್ಕ ಸೊಸೆಯನ್ನು ದಿಟ್ಟಿಸಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಬಂದು, ಆಮೇಲೆ ಸಿಟ್ಟು ಇಳಿದು ಮರುಕ ತುಂಬಿತು. ಸಿಟ್ಟೇ ಇದ್ದಿದ್ದರೆ ಚೆನ್ನಾಗಿತ್ತು.

"ಬೆಳಿಗ್ಗೆ ನಾನಂಗೆ ಅನ್ಬಾರ್ದಿತ್ತು," ಎಂದಳು. "ಸವತಿ ಬತ್ತಾಳೆ ಅಂದ್ರೆ ಯಾರ್ಗಾನ ಒಟ್ಟೆ ಉರಿಯೋದೆ. ಅದ್ಕೆ ಇಂಥಾ ಮಾತಾಡ್ಬಾರ್ದು ಕಣವ್ವ. ಬಸುರಿ ಆದೋಳು ಯಾವ್ಳಾನ ಬಂದು ಇಲ್ಲಿ ಕುಂತ್ಕೊಂತಾಳಾ? ದ್ಯಾವ್ರು ಕೇಳಿಸ್ಕೊಂತದೆ, ಬುಡ್ತು ಅನ್ನು."

"ನರ್ಸಮ್ಮನ್ನ ಕೇಳ್ರಿ ಅತ್ತೆ, ಅವ್ಳಿಗೆ ಗೊತ್ತು—"

"ಅವ್ಳ ಮಾತು ಕಟ್ಕೊಂಡೇ ನೀನು ಇಂಗಾಗಿರೋದು. ಮುಟ್ಟಿನ ಒಟ್ಟೆನೋವು ಯಾವ ಎಂಗಸ್ಗಿಲ್ಲ? ಬೆಚ್ಚಗೆ ಮಲೀಕ್ಕೊ. ಜೀರಿಗೆ ಬೆಲ್ಲ ಹಾಕಿ ಕಷಾಯ ಕಾಸ್ಕೊಂಡು ತತ್ತೀನಿ."

ಅವಳು ಒಳಗೆ ಹೋದಳು. ನಿಜವಾಗಿಯೂ ಕಷಾಯ ಕಾಸುವುದಕ್ಕೇ ಹೋದಳು.

ಕೆಂಪಕ್ಕ ಕಂಬಳಿ ಸುತ್ತಿಕೊಂಡು ಪುರವರದ ದಾರಿ ಹಿಡಿದಳು. ನಾಲ್ಕು ಮೈಲಿ. ಕುರಿಗಳೊಡನೆ ಇದರ ಮೂರರಷ್ಟು ನಡೆದ ಕಾಲುಗಳು ಅವು. ಕಡಲೆಕಾಯಿ ಹೊಲಗಳಲ್ಲಿ ಹೆಂಗಸರು ಬಗ್ಗಿ ಬಳ್ಳಿ ಕೀಳುತ್ತಿದ್ದರು. ಒಬ್ಬಳು ತಲೆ ಎತ್ತಿ ನೋಡಿ, ಹೊರಗಾದವಳು ದಾರಿಯಲ್ಲಿ ಹೋಗುತ್ತಿದ್ದಾಳೆಂದು ತನ್ನ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು. ಕೆಂಪಕ್ಕ ಹೆಜ್ಜೆ ಹೆಜ್ಜೆಗೂ ಕಾಲುಗಳನ್ನು ಒತ್ತಿಕೊಂಡು ನಡೆದಳು, ಹಾಗೆ ನಡೆದರೆ ನಿಲ್ಲುತ್ತದೆ ಎನ್ನುವಂತೆ. ಕಚ್ಕೊಂಡಿರೋದೊಂದೇ ಅದರ ಕೆಲಸ ಎಂದಿದ್ದಳಲ್ಲ ನರ್ಸಮ್ಮ. ಕಚ್ಕೊ, ಕಚ್ಕೊ ಎಂದು ಬಾಯಿಬಿಟ್ಟೇ ಹೇಳುತ್ತಿದ್ದಳು. ಕೆರೆಯ ಏರಿಯವರೆಗೆ ಬಂದಳು. ಅಲ್ಲಿ ಲಕ್ಕಿಗಿಡಗಳ ಮರೆಗೆ ಹೋಗಿ ಕೂತವಳು ಮತ್ತೆ ಏಳಲಾಗಲಿಲ್ಲ.

ಎಲ್ಲ ಮುಗಿದ ಮೇಲೆ ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ಹಿಂದಿನ ಮೂರನ್ನು ಅವಳು ನೋಡಿರಲಿಲ್ಲ; ಮುದುಕಿಯರು ನೋಡಗೊಟ್ಟಿರಲಿಲ್ಲ. ಇವತ್ತು ತಡೆಯುವವರು ಯಾರೂ ಇರಲಿಲ್ಲ. ಬಗ್ಗಿ ನೋಡಿದಳು. ಬೆರಳುದ್ದ ಇತ್ತು. ಬಾಲ ಇರಲಿಲ್ಲ. ಮುಚ್ಚಿದ ಎರಡು ಕಣ್ಣು, ಮೊಣಕೈಯಲ್ಲಿ ಮಡಿಸಿದ ಕೈ. ಆ ಕೈಯ ತುದಿಯಲ್ಲಿ ರಾಗಿ ತೆನೆಯ ಹಾಗೆ ಮಡಿಸಿಕೊಂಡ ಬೆರಳುಗಳನ್ನು ಅವಳು ಎಣಿಸಿದಳು. ಪಟದಲ್ಲಿ ಇದ್ದದ್ದೆಲ್ಲ ಇತ್ತು. ನರ್ಸಮ್ಮ ಒಂದನ್ನೂ ಸುಳ್ಳು ಹೇಳಿರಲಿಲ್ಲ.

ಚೂಪು ಕಲ್ಲಿನಿಂದ ಏರಿಯ ಮಣ್ಣು ಕೆದಕಿ, ಕಂಬಳಿಯ ಅಂಚಿನಿಂದ ಉಣ್ಣೆ ಕಿತ್ತು ಅದರಲ್ಲಿ ಸುತ್ತಿ ಮುಚ್ಚಿದಳು. ಮೇಲೆ ಒಂದು ಕಲ್ಲಿಟ್ಟಳು. ಸಂಜೆಯ ಹೊತ್ತಿಗೆ ಅವಳು ಗುಡಿಸಲಿಗೆ ಮರಳಿದಾಗ ಚಪ್ಪಡಿಯ ಮೇಲೆ ಕಷಾಯದ ಲೋಟ ಆರಿ ತಣ್ಣಗಾಗಿತ್ತು. ಕರಿಯಕ್ಕ ಬೇಲಿಯ ಬಾಯಲ್ಲೇ ಕೂತಿದ್ದಳು.

"ಎಲ್ಲೋಗಿದ್ದೆ? ಎದೆ ಒಡ್ದೋಗಿತ್ತು ನಂಗೆ. ಈಗೆಂಗೈತೆ ಒಟ್ಟೆನೋವು?"

"ಕಮ್ಮಿ ಆಗೈತೆ," ಎಂದು ಕೆಂಪಕ್ಕ ಲೋಟ ಎತ್ತಿ ಕುಡಿದಳು.

ಆ ಸಲ ಅವಳು ಒಂಬತ್ತು ದಿನ ಹೊರಗಿದ್ದಳು. ಈ ಸಲ ಯಾಕೋ ಜಾಸ್ತಿ ಆಯಿತು ಎಂದು ಬಾವಿಕಟ್ಟೆಯಲ್ಲಿ ಒಂದು ದಿನ ಮಾತಾಡಿಕೊಂಡು ಬಿಟ್ಟರು. ಯಾರೂ ಬಂದು ಕೆನ್ನೆಗೆ ಕೈ ಹಚ್ಚಿ ಕೂರಲಿಲ್ಲ. ಯಾವುದು ಇರಲೇ ಇಲ್ಲವೋ ಅದು ಹೋಯಿತೆಂದು ಅಳುವುದು ಹೇಗೆ? ಅವಳೂ ಅಳಲಿಲ್ಲ. ಮರುಗುರುವಾರ ಮಹಾಲಕ್ಷ್ಮಮ್ಮ ಬಂದು, ಅವಳು ಇನ್ನೂ ಗುಡಿಸಲಲ್ಲೇ ಇರುವುದನ್ನು ದೂರದಿಂದಲೇ ಕಂಡು ನಡಿಗೆ ನಿಧಾನ ಮಾಡಿದಳು. ಹತ್ತಿರ ಬಂದು ಚೀಲ ಇಳಿಸಿ ಕೂತಳು.

"ಬೆರಳು ಐದೂ ಇದ್ವು ನರ್ಸಮ್ಮ," ಎಂದಳು ಕೆಂಪಕ್ಕ. "ಎರಡು ಕೈಯಾಗೂ."

ಮಹಾಲಕ್ಷ್ಮಮ್ಮ ಅವಳ ಮಣಿಕಟ್ಟು ಹಿಡಿದು ನಾಡಿ ನೋಡಿದಳು. ಕಬ್ಬಿಣದ ಮಾತ್ರೆ ಎಣಿಸಿ ಕೊಟ್ಟಳು. ಕೆಲವರಿಗೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ, ಮಧುಗಿರಿಗೆ ದೊಡ್ಡ ಡಾಕ್ಟರ ಹತ್ತಿರ ಹೋಗೋಣ ಎಂದಳು. ತುಮಕೂರು ಎಂದೂ ಹೇಳಿದಳು. ಕೆಂಪಕ್ಕ ಎಲ್ಲದಕ್ಕೂ ತಲೆಯಾಡಿಸಿದಳು.

ಕ್ಯಾತಣ್ಣ ನಿಡುಗಲ್ಲಿನ ಕಡೆಯಿಂದ ಕುರಿ ಹೊಡೆದುಕೊಂಡು ಬಂದ. ತಾಯಿ ಹೇಳಿದ್ದನ್ನೆಲ್ಲ ಕೇಳಿ, "ನೀನೇನಂತಿಯ?" ಎಂದು ಹೆಂಡತಿಯನ್ನು ಕೇಳಿದ. ಅವನು ಅಷ್ಟು ಕೇಳಿದ್ದೇ ಹೆಚ್ಚು. "ಆಗ್ಲಿ," ಎಂದಳು ಅವಳು. ಮಾಘದ ಮೊದಲ ವಾರಕ್ಕೆ ದಿನ ಗೊತ್ತಾಯಿತು. ಮದುವೆಗೆಂದು ಮನೆಗೆ ಸುಣ್ಣ ಬಳಿದವಳು ಕೆಂಪಕ್ಕನೇ.

ಮದುವೆಗೆ ಎಂಟು ದಿನ ಇರುವಾಗ ಅವಳು ಮತ್ತೆ ಹೊರಗಾದಳು. ಈ ಸಲ ಸುಳ್ಳಲ್ಲ. ಕರಿಯಕ್ಕ ಸಮಾಧಾನದಿಂದ, "ಒಳ್ಳೇದೇ ಆಯ್ತು, ಮದ್ವೆ ವೊತ್ತಿಗೆ ಮಡಿಯಾಗಿರ್ತೀಯ," ಎಂದು ಕಂಬಳಿಯನ್ನು ದೂರದಿಂದ ಎಸೆದಳು. ಗುಡಿಸಲಲ್ಲಿ ಪುಟ್ಟಕ್ಕ ಆಗಲೇ ಬಂದು ಕೂತಿದ್ದಳು. ಇಬ್ಬರೂ ಬಾಗಿಲಿಗೆ ಬೆನ್ನು ಕೊಟ್ಟು ಬಿಸಿಲು ಕಾಯಿಸಿಕೊಂಡರು. ಹಟ್ಟಿಯೊಳಗೆ ಯಾರೋ ಒರಳಲ್ಲಿ ಅರಿಶಿನ ಕುಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

ಪುಟ್ಟಕ್ಕ ಹಲ್ಲು ಚುಚ್ಚಿಕೊಳ್ಳಲು ಕಡ್ಡಿ ಬೇಕೆಂದು ಸೂರಿಗೆ ಕೈ ಹಾಕಿದಳು. ಕಡ್ಡಿಯ ಜೊತೆ ಬಟ್ಟೆಯ ಚಿಕ್ಕ ಗಂಟು ಕೈಗೆ ಬಂತು.

"ಇದೇನೇ ಇದು? ಯಾರ್ದು?"

ಕೆಂಪಕ್ಕ ನೋಡಿದಳು.

ಪುಟ್ಟಕ್ಕ ಹಲ್ಲಲ್ಲಿ ಗಂಟು ಬಿಚ್ಚಿದಳು. ರಾಗಿ ಕಾಳು ಎಲ್ಲೋ ಉದುರಿಹೋಯಿತು. ಹೆಸರುಕಾಳನ್ನೂ ಹುಳು ಹಿಡಿದ ಅವರೆಕಾಳನ್ನೂ ಅವಳು ಅಂಗಳಕ್ಕೆ ಎಸೆದಳು. ಬೇಲಿಯ ಹತ್ತಿರ ಕೆದಕುತ್ತಿದ್ದ ಕೋಳಿಯೊಂದು ಓಡಿ ಬಂತು.

"ಕಡ್ಲೇಕಾಯಿ ಕಣೆ. ಒಂದೇ ಒಂದು ಯಾರ್ ಕಟ್ಟಿಟ್ರೋ ಮಾರಾಯ್ತಿ," ಎಂದು ನಗುತ್ತಾ ಅದನ್ನು ಹೆಬ್ಬೆರಳಲ್ಲಿ ಒತ್ತಿ ಒಡೆದಳು. ಎರಡು ಬೀಜವಿತ್ತು. ಒಂದನ್ನು ತನ್ನ ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಕೆಂಪಕ್ಕನ ಅಂಗೈಗೆ ಇಟ್ಟಳು. "ತಿನ್ನು, ಚೆನ್ನಾಗೈತೆ."

ಕೆಂಪಕ್ಕ ಅಂಗೈಯನ್ನು ಸ್ವಲ್ಪ ಹೊತ್ತು ಬಿಸಿಲಿಗೆ ಹಿಡಿದಿದ್ದಳು. ಆಮೇಲೆ ಬೀಜವನ್ನು ಬಾಯಿಗೆ ಹಾಕಿಕೊಂಡು, ಮೆಲ್ಲಗೆ ಅಗಿಯತೊಡಗಿದಳು.